ಸಂತ ಅನ್ನಮ್ಮನವರ ಹಬ್ಬದ ಪ್ರಬೋಧನೆ: ಅಜ್ಜಿ ಕಲಿಸಿದ ಹೆಣಿಗೆ



ಇಂದು ಜುಲೈ 26. ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋವಾಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ. ಶುಭಸಂದೇಶದ ನಾಲ್ಕು ಪುಸ್ತಕಗಳಲ್ಲಿ ಎಲ್ಲಿ ಹುಡುಕಿದರೂ ಇವರಿಬ್ಬರ ಹೆಸರು ಸಿಗುವುದಿಲ್ಲ. ಬೈಬಲಿನ ಹೊರಗಿನ, ಎರಡನೆಯ ಶತಮಾನದ ಒಂದು ಬರಹದಿಂದ ಈ ಹೆಸರುಗಳು ನಮಗೆ ಬಂದಿವೆ. ಅನ್ನಮ್ಮನವರು ಏನು ಮಾತಾಡಿದರು, ಹೇಗೆ ಬಾಳಿದರು ಎಂಬುದಕ್ಕೆ ಬೈಬಲಿನಲ್ಲಿ ಒಂದು ಸಾಲೂ ಇಲ್ಲ. ಆದರೆ ಚಿತ್ರ ಬರೆಯುವವರು ಅವರನ್ನು ಬಿಡಲಿಲ್ಲ. ನಾವು ನೋಡುವ ಹೆಚ್ಚಿನ ಚಿತ್ರಗಳಲ್ಲಿ ಅನ್ನಮ್ಮನವರು ಕುಳಿತಿರುತ್ತಾರೆ, ಪಕ್ಕದಲ್ಲಿ ಪುಟ್ಟ ಹುಡುಗಿ ಮರಿಯ. ತಾಯಿ ಕಲಿಸುತ್ತಿದ್ದಾಳೆ, ಮಗಳು ಕಲಿಯುತ್ತಿದ್ದಾಳೆ. ತೊಡೆಯ ಮೇಲೆ ಒಮ್ಮೆ ಪುಸ್ತಕ, ಒಮ್ಮೆ ಸೂಜಿ ಕೆಲಸ. ಹೊಲಿಗೆಯವರೂ ಲೇಸ್ ಮಾಡುವವರೂ ಅನ್ನಮ್ಮನವರನ್ನು ತಮ್ಮ ಪಾಲಕಿ ಎಂದು ಹಿಡಿದುಕೊಂಡದ್ದು ಸುಮ್ಮನೆ ಅಲ್ಲ. ವಿಶ್ವಗುರು ಫ್ರಾನ್ಸಿಸ್‌ರವರು 2021ರಲ್ಲಿ ಈ ಹಬ್ಬದ ಹತ್ತಿರದ ಭಾನುವಾರವನ್ನು, ಅಂದರೆ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು, ಅಜ್ಜ ಅಜ್ಜಿಯರ ದಿನವೆಂದು ಸಾರಿದರು.

ಆದ್ದರಿಂದ ಇಂದು ನಾವು ಒಬ್ಬ ಅಜ್ಜಿಯ ವಿಷಯ ಹೇಳಬೇಕೆಂದಿದ್ದೇವೆ. ಹೆಸರು ಹೇಳುವುದಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ಊರುಗಳ ಸುತ್ತ ಓಡಾಡುವವರಿಗೆ ಅವರು ಯಾರೆಂದು ತಿಳಿದೇ ಇರುತ್ತದೆ. ತಿಳಿದವರು ತಿಳಿದುಕೊಳ್ಳಿ, ಉಳಿದವರು ಹೆಸರು ಕೇಳಬೇಡಿ.

ಮೊದಲು ನಮ್ಮ ಸೋಲಿನ ಕಥೆ. ಕೆಲವು ವರ್ಷಗಳ ಹಿಂದೆ ಮಹಿಳೆಯರಿಗೆ ಒಂದು ವರಮಾನ ಆಗಲಿ ಎಂಬ ಆಸೆಯಿಂದ ಉಲ್ಲನ್ ಹೆಣಿಗೆಯ ತರಗತಿ ಆರಂಭಿಸಿದೆವು. ಕಡ್ಡಿಗಳನ್ನೂ ದಾರದ ಉಂಡೆಗಳನ್ನೂ ತಂದೆವು. ಇಪ್ಪತ್ತೆರಡು ಜನ ಬಂದರು. ಸಂತೋಷದಿಂದ ಕಲಿತರು. ಮೂರು ನಾಲ್ಕು ತಿಂಗಳಲ್ಲಿ ಹದಿನೈದು ಸ್ವೆಟರ್ ಆದವು. ಅದನ್ನು ಕಟ್ಟಿಕೊಂಡು ಕೊಳ್ಳೇಗಾಲದ ಪೇಟೆಗೆ ಹೋದೆವು. ಅಂಗಡಿಯವರು ಒಳ್ಳೆಯವರೇ, ಕುಳಿತುಕೊಳ್ಳಲು ಹೇಳಿ ಟೀ ಕೊಡಿಸಿದರು. ಆದರೆ ಅವರು ಹೇಳಿದ ಬೆಲೆಯಲ್ಲಿ ದಾರದ ದುಡ್ಡೂ ಹುಟ್ಟುತ್ತಿರಲಿಲ್ಲ. ಒಬ್ಬ ಹೆಂಗಸಿನ ಮೂರು ವಾರದ ಕೆಲಸಕ್ಕೆ ಕೂಲಿ ಸೊನ್ನೆ.

ನಾವು ಆ ಮೊದಲೇ ಸ್ವಲ್ಪ ಯೋಚಿಸಬೇಕಿತ್ತು. ಹನೂರಿನಿಂದ ಮುಂದೆ ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪ್ ನಿಮಗೆಲ್ಲ ಗೊತ್ತು. ಸುಮಾರು ಐವತ್ತು ವರ್ಷಗಳ ಹಿಂದೆ, 1970ರ ದಶಕದಲ್ಲಿ, ತಮ್ಮ ನಾಡು ಬಿಟ್ಟು ಬಂದ ಆ ಜನರಿಗೆ ಅಲ್ಲಿ ನೆಲೆ ಸಿಕ್ಕಿತು. ಮುಸುಕಿನ ಜೋಳ ಬೆಳೆಯುತ್ತಾರೆ. ಚಳಿಗಾಲ ಬಂದರೆ ದೇಶದ ಟಿಬೆಟನ್ ಕ್ಯಾಂಪುಗಳಿಂದ ಎಷ್ಟೋ ಕುಟುಂಬಗಳು ದೊಡ್ಡ ಊರುಗಳಿಗೆ ಹೋಗಿ ಪುಟ್‌ಪಾತಿನಲ್ಲಿ ಸ್ವೆಟರ್ ಮಾರುತ್ತವೆ. ಉಣ್ಣೆಯ ನಾಡಿನಿಂದ ಬಂದವರು, ಕೈಯಲ್ಲಿ ಕಸುಬು ಇದ್ದವರು. ಅವರು ಮಾರುವ ಸ್ವೆಟರ್ ಕೂಡ ಬಹುಪಾಲು ಲೂಧಿಯಾನದ ಯಂತ್ರಗಳಿಂದ ಬಂದದ್ದು. ಅವರೇ ಯಂತ್ರಕ್ಕೆ ಶರಣಾದ ಮೇಲೆ ನಾವು ಯಾವ ಲೆಕ್ಕ? ಈ ಕಡೆ ನೋಡಿದರೆ ತಿರುಪ್ಪೂರು. ಕೊಳ್ಳೇಗಾಲ ಸೀಮೆ 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು, ತಿರುಪ್ಪೂರೂ ಆಗ ಅದೇ ಜಿಲ್ಲೆ. ಹನೂರಿನ ಕಡೆಯ ಎಷ್ಟು ಮನೆಗಳಿಂದ ಮಕ್ಕಳು ಇವತ್ತು ಅಲ್ಲಿಗೆ ಬನಿಯನ್ ಕೆಲಸಕ್ಕೆ ಹೋಗಿದ್ದಾರೆ ಎಂದು ಈ ದೇವಾಲಯದಲ್ಲೇ ಕೈಯೆತ್ತಿಸಿದರೆ ಸಾಕು. ನಾವು ಹಾಕಿಕೊಳ್ಳುವ ಬನಿಯನ್ ಏನೆಂದುಕೊಂಡಿರಿ? ಅದು ನೇಯ್ದ ಬಟ್ಟೆಯಲ್ಲ, ಹೆಣೆದ ಬಟ್ಟೆ. ಅದಕ್ಕೇ ಎಳೆದರೆ ಹಿಗ್ಗುತ್ತದೆ. ಯಂತ್ರ ಒಂದು ನಿಮಿಷದಲ್ಲಿ ಹಾಕುವ ಕುಣಿಕೆಗಳನ್ನು ಕೈಯಲ್ಲಿ ಹಾಕಲು ಒಂದು ವಾರ ಬೇಕು.

ಹಾಗೆ ಆರು ತಿಂಗಳಿಗೆ ತರಗತಿ ನಿಂತಿತು. ಕಡ್ಡಿಗಳನ್ನು ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿಟ್ಟು ಮರೆತೆವು. ಬರುವವರು ನಿಂತದ್ದು ನಮಗೆ ಅಷ್ಟೇನೂ ಕಾಣಲಿಲ್ಲ. ವರದಿಯಲ್ಲಿ ಯೋಜನೆ ಕೈಗೂಡಲಿಲ್ಲ ಎಂದು ಒಂದು ವಾಕ್ಯ ಬರೆದೆವು.

ಒಂದು ವರ್ಷದ ನಂತರ ಈ ಅಜ್ಜಿ ಬಂದರು. ಬಲಿಪೂಜೆ ಮುಗಿದು ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ನಿಂತು, "ಆ ಕಡ್ಡಿಯೆಲ್ಲ ಏನ್ ಮಾಡ್ದ್ರಿ ಸ್ವಾಮ್ಯೋರೇ?" ಎಂದು ಕೇಳಿದರು. ಇದೆ, ಬೀರುವಿನಲ್ಲಿದೆ, ಆದರೆ ಮಾರಾಟ ಆಗುವುದಿಲ್ಲವಲ್ಲ ಅಮ್ಮ ಎಂದೆವು. ಅಜ್ಜಿ ನಮ್ಮ ಮುಖವನ್ನೇ ನೋಡಿದರು. "ಮಾರಕ್ಕ ಯಾರ್ ಬಂದಿದ್ರು? ಬುಧವಾರ ಮದ್ಯಾನ ಅಂದ್ರ ಒಂದ್ ಕಡ ಕೂತ್ಕತಿದ್ದೊ. ಈಗ ನಮ್ ಮನಗ ಯಾರೂ ಬರದಿಲ್ಲ, ನಾನೂ ಯಾರ್ ಮನಗೂ ಹೋಗದಿಲ್ಲ."

ಇಬ್ಬರು ಗಂಡುಮಕ್ಕಳು ಬೆಂಗಳೂರಿನಲ್ಲಿ. ಪತಿ ತೀರಿಹೋಗಿ ಒಂಬತ್ತು ವರ್ಷ. ನಾವು ವರಮಾನ ಕೊಡಲು ಹೊರಟಿದ್ದೆವು, ಅವರು ಬಂದದ್ದು ಬುಧವಾರಕ್ಕಾಗಿ. ಇದು ನಮಗೆ ತಿಳಿಯಲೇ ಇಲ್ಲ.

2013ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಹೆಣಿಗೆಯವರ ಬಗ್ಗೆ ಒಂದು ಸಮೀಕ್ಷೆ ಪ್ರಕಟವಾಗಿದೆ. ಬೇರೆ ಬೇರೆ ದೇಶಗಳ 3,545 ಮಂದಿ ಉತ್ತರ ಕೊಟ್ಟಿದ್ದರು. ಹೆಚ್ಚು ಸಲ ಹೆಣೆಯುವವರು ಮನಸ್ಸು ಶಾಂತವಾಗಿದೆ, ಸಂತೋಷವಾಗಿದೆ ಎಂದು ಹೆಚ್ಚಾಗಿ ಹೇಳಿದರು. ಅದರಲ್ಲಿಯೂ ಗುಂಪಿನಲ್ಲಿ ಕುಳಿತು ಹೆಣೆಯುವವರು, ಇದರಿಂದ ತಮಗೆ ಜನರ ಒಡನಾಟ ಬೆಳೆಯಿತು, ಮಾತು ಬೆಳೆಯಿತು ಎಂದರು. ಹೆಣೆಯುವವರು ತಾವೇ ತಮ್ಮ ಬಗ್ಗೆ ಹೇಳಿಕೊಂಡದ್ದು ಇದು, ಆದ್ದರಿಂದ ಔಷಧಿ ಎಂದು ಬರೆದುಕೊಡುವಂತಿಲ್ಲ. ನಮ್ಮ ಅಜ್ಜಿಗೆ ಆ ಪತ್ರಿಕೆ ಬೇಕಾಗಿರಲಿಲ್ಲ.

ಡಬ್ಬಿ ತೆಗೆದೆವು. ಈ ಸಲ ಮಾರಾಟದ ಮಾತಿಲ್ಲ. ಕಲಿಸುವವರು ಅಜ್ಜಿಯೇ. ಹುಡುಗಿಯಾಗಿದ್ದಾಗ ಬೋರ್ಡಿಂಗಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದನ್ನು ಅರವತ್ತು ವರ್ಷ ಬಿಟ್ಟರೂ ಅವರ ಬೆರಳು ಮರೆತಿರಲಿಲ್ಲ. ಹೇಗೆ ಕಲಿಸುತ್ತಿದ್ದರೆಂದರೆ, ಬಾಯಲ್ಲಿ ಹೇಳುವುದು ಕಡಿಮೆ. ಕಲಿಯುವವಳ ಹಿಂದೆ ಹೋಗಿ ನಿಂತು, ಅವಳ ಎರಡೂ ಕೈಗಳ ಮೇಲೆ ತಮ್ಮ ಎರಡೂ ಕೈಗಳನ್ನಿಟ್ಟು, ಕಡ್ಡಿ ಚುಚ್ಚು, ದಾರ ಸುತ್ತು, ಎಳೆ, ಬಿಡು. ಅಷ್ಟೇ. ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು. ತಪ್ಪಿದರೆ ಬೈಯುತ್ತಿರಲಿಲ್ಲ, "ಬಿಚ್ಚು" ಎನ್ನುತ್ತಿದ್ದರು. ಹೆಣಿಗೆಯಲ್ಲಿ ಇದೊಂದು ದೊಡ್ಡ ಅನುಕೂಲ. ಬಟ್ಟೆ ಕತ್ತರಿಸುವಾಗ ತಪ್ಪಿದರೆ ಬಟ್ಟೆ ಹೋಯಿತು. ಇಲ್ಲಿ ಬಿಚ್ಚಿದರೆ ದಾರ ಹಾಗೇ ಕೈಗೆ ಬರುತ್ತದೆ.

ನಾವೂ ಒಮ್ಮೆ ಕಡ್ಡಿ ಹಿಡಿದೆವು. ಯುರೋಪಿನಲ್ಲಿ ಹಿಂದೆ ಹೆಣಿಗೆಯ ಸಂಘಗಳಲ್ಲಿ ಯಜಮಾನರೆಲ್ಲ ಗಂಡಸರೇ ಇದ್ದರೆಂದು ಓದಿದ್ದ ಧೈರ್ಯ. ಹತ್ತು ಕುಣಿಕೆಗಳಿಂದ ಆರಂಭಿಸಿದ್ದು ನಾಲ್ಕನೆಯ ಸಾಲಿಗೆ ಹದಿನಾಲ್ಕಾಗಿತ್ತು. ಎಲ್ಲಿಂದ ಬಂದವೋ ದೇವರೇ ಬಲ್ಲ. ಐದು ರೊಟ್ಟಿಯ ಅದ್ಭುತ ನೆನಪಿಸಿಕೊಂಡು ಹೆಂಗಸರೆಲ್ಲ ನಕ್ಕರು. ನಾವು ಕಡ್ಡಿ ಕೆಳಗಿಟ್ಟೆವು.

ನಮ್ಮ ಮೂರು ಊರುಗಳಲ್ಲಿ ಮೂರು ಬಗೆ. ಕೊಳ್ಳೇಗಾಲದವರಿಗೆ ಬೇಗ ಬಂತು. ಅಲ್ಲಿ ಮಗ್ಗದ ಸದ್ದು ಕೇಳುತ್ತ ಬೆಳೆದವರು, ಮನೆಯಲ್ಲಿ ರೇಷ್ಮೆ ಗೂಡು ಬಿಚ್ಚಿ ನೂಲು ತೆಗೆದವರ ಮಕ್ಕಳು. ಹಳೆಯ ಮದ್ರಾಸು ಪ್ರಾಂತ್ಯಕ್ಕೆ ರೇಷ್ಮೆ ಬೆಳೆಯುವ ಸೀಮೆಯೆಂದರೆ ಮುಖ್ಯವಾಗಿ ಕೊಳ್ಳೇಗಾಲವೇ ಆಗಿತ್ತು. ಒಬ್ಬರು ಹೇಳಿದರು, ರೇಷ್ಮೆ ಹುಳ ಒಂದೇ ಎಳೆಯಲ್ಲಿ ತನ್ನ ಮನೆ ಕಟ್ಟುತ್ತದೆ, ನಾವೂ ಒಂದೇ ಎಳೆಯಲ್ಲಿ ಕಟ್ಟುತ್ತಿದ್ದೇವೆ ಎಂದು. ನಿಜವೇ. ನೇಯ್ಗೆಗೆ ಹಾಸು ಬೇರೆ, ಹೊಕ್ಕು ಬೇರೆ. ಹೆಣಿಗೆಗೆ ಒಂದೇ ದಾರ, ಅದು ತನ್ನ ಕುಣಿಕೆಯೊಳಗೇ ತಾನು ನುಗ್ಗಿ ಹೋಗುತ್ತದೆ. ಹನೂರಿನ ಕಡೆ ದನಕರು ನೋಡಿಕೊಂಡು ಬರಬೇಕು, ಬಸ್ಸು ಸಿಗಬೇಕು, ಹಾಗಾಗಿ ನಿಧಾನ. ಅಲ್ಲಿ ಮನೆಯಲ್ಲಿ ತಮಿಳು ಮಾತಾಡುವವರೂ ಕನ್ನಡ ಮಾತಾಡುವವರೂ ಒಟ್ಟಿಗೆ ಕುಳಿತರು. ಎಣಿಸುವಾಗ ಒಬ್ಬರು ಒಣ್ಣು ರೆಂಡು ಎನ್ನುತ್ತಾರೆ, ಪಕ್ಕದವರು ಒಂದು ಎರಡು ಎನ್ನುತ್ತಾರೆ, ಮೊದಮೊದಲು ಇಬ್ಬರದೂ ಲೆಕ್ಕ ತಪ್ಪುತ್ತಿತ್ತು. ಜಪಮಾಲೆಯನ್ನು ಯಾವ ಭಾಷೆಯಲ್ಲಿ ಹೇಳಬೇಕೆಂದು ಜಗಳವಾಡಿದ ಜನವೇ ಇವರು ಎಂದು ನಮಗೆ ಆಶ್ಚರ್ಯ. ಯಳಂದೂರಿನಲ್ಲಿ ನಮ್ಮ ಕುಟುಂಬಗಳು ಕಡಿಮೆ. ಅಲ್ಲಿ ಪಕ್ಕದ ಬೀದಿಯ ಹಿಂದೂ, ಮುಸ್ಲಿಂ ತಾಯಂದಿರೂ ಬಂದರು. ಬಿಳಿಗಿರಿರಂಗನ ಬೆಟ್ಟದ ಗಾಳಿ ಡಿಸೆಂಬರಿನಲ್ಲಿ ಕೆಳಗೆ ಇಳಿದಾಗ ಕಿವಿ ಮುಚ್ಚುವ ಟೋಪಿ ಎಲ್ಲ ಮತದವರಿಗೂ ಬೇಕು.

ಮಕ್ಕಳೂ ಬಂದರು. ಬೇಸಿಗೆ ರಜೆಯಲ್ಲಿ ಅಜ್ಜಿಯ ಸುತ್ತ ಎಂಟು ಹತ್ತು ಮಕ್ಕಳು. ಇಲ್ಲಿ ನಮಗೆ ಫ್ರಾನ್ಸಿನ ಒಂದು ಬೆಟ್ಟದ ಹಳ್ಳಿಯ ನೆನಪು. ಅಲ್ಸಾಸ್ ಪ್ರಾಂತ್ಯದಲ್ಲಿ ಓಬರ್ಲಿನ್ ಎಂಬ ಲೂಥರನ್ ಪಾದ್ರಿ 1767ರಲ್ಲಿ ವಾಲ್ಡರ್ಸ್‌ಬಾಕ್ ಎಂಬಲ್ಲಿಗೆ ಬಂದರು. ನಮ್ಮ ಸಭೆಯವರಲ್ಲ, ಆದರೆ ಒಳ್ಳೆಯದನ್ನು ಯಾರಲ್ಲಿ ಕಂಡರೂ ಹೇಳಬೇಕು. ಬಡತನದ ಸೀಮೆ, ತಂದೆತಾಯಿ ಹೊಲಕ್ಕೆ ಹೋದರೆ ಚಿಕ್ಕ ಮಕ್ಕಳು ಬೀದಿಪಾಲು. ಸಾರಾ ಬಾಂಜೆ ಎಂಬ ಯುವತಿ ಅಂಥ ಮಕ್ಕಳನ್ನು ಸೇರಿಸಿಕೊಂಡು ಹೆಣಿಗೆ ಕಲಿಸುತ್ತಿದ್ದಳು. ಪಾದ್ರಿಗೆ ಇದು ಕಿವಿಗೆ ಬಿತ್ತು. ಅವರು ಅದನ್ನು ಬೆಳೆಸಿ, ಸುತ್ತಲ ಹಳ್ಳಿಗಳಲ್ಲಿ ಒಲೆಯಿರುವ ಬೆಚ್ಚನೆಯ ಕೋಣೆಗಳಲ್ಲಿ ಹೆಣಿಗೆ ಶಾಲೆಗಳನ್ನು ತೆರೆದರು. ಕೈಗೆ ಕಡ್ಡಿ ಕೊಟ್ಟು, ಬಾಯಿಗೆ ಹಾಡು ಕೊಟ್ಟು, ಗಿಡಮೂಲಿಕೆಗಳ ಚಿತ್ರ ತೋರಿಸಿ, ಬೈಬಲ್ ಕಥೆ ಹೇಳಿದರು. ಸಾರಾ ಚಿಕ್ಕ ವಯಸ್ಸಿನಲ್ಲೇ, 1774ರಲ್ಲಿ, ತೀರಿಕೊಂಡಳು. ಲೂಯಿಸ್ ಶೆಪ್ಲರ್ ಎಂಬ ಇನ್ನೊಬ್ಬಳು ಮುಂದೆ 1837ರಲ್ಲಿ ತಾನು ಸಾಯುವವರೆಗೂ ಆ ಕೆಲಸಕ್ಕೆ ಬಾಳನ್ನೇ ಕೊಟ್ಟಳು. ಇವತ್ತು ನಮ್ಮ ಊರುಗಳಲ್ಲಿರುವ ಅಂಗನವಾಡಿ, ಶಿಶುವಿಹಾರಗಳ ಬೇರು ಹುಡುಕುತ್ತ ಹೋಗುವವರು ಆ ಹೆಣಿಗೆ ಕೋಣೆಗಳ ಹತ್ತಿರವೂ ಹೋಗಿ ನಿಲ್ಲುತ್ತಾರೆ.

ಏನು ಹೆಣೆಯಬೇಕು ಎಂಬ ಪ್ರಶ್ನೆ ಬಂತು. ಎಷ್ಟು ಸ್ವೆಟರ್ ಎಂದು ಹೆಣೆಯುವುದು? ಆಗ ದಾದಿಯ ಕೆಲಸ ಮಾಡಿ ನಿವೃತ್ತರಾದ ಒಬ್ಬ ತಾಯಿ, ಹುಟ್ಟಿದ ಮಕ್ಕಳಿಗೆ ಟೋಪಿ ಹೆಣೆಯಿರಿ ಎಂದರು. ಕಾರಣವನ್ನೂ ಹೇಳಿದರು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಮೈಯ ಬಿಸಿ ಉಳಿಸಿಕೊಳ್ಳುವ ಶಕ್ತಿ ಕಡಿಮೆ. ಅದರ ಮೈಗೆ ತಲೆಯೇ ದೊಡ್ಡದು, ಬಿಸಿ ಅಲ್ಲಿಂದಲೇ ಹೆಚ್ಚು ಹೋಗುತ್ತದೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್ ಸಾಲದೆ ವೈದ್ಯರು ಒಂದು ಉಪಾಯ ಮಾಡಿದರು: ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟುವುದು, ಕಾಂಗರೂ ಮರಿಯ ಹಾಗೆ. ಆಗ ಮಗುವಿನ ಮೈಮೇಲೆ ಟೋಪಿ, ಕಾಲುಚೀಲ, ಲಂಗೋಟಿ ಇಷ್ಟೇ. ನಮ್ಮ ಕರ್ನಾಟಕದಲ್ಲೇ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಸಂಸ್ಥೆಯವರು ಸರ್ಕಾರದೊಂದಿಗೆ ಸೇರಿ ಈ ಪದ್ಧತಿಯನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ್ದಾರೆ.

ಟೋಪಿಯೆಂದರೆ ಎಷ್ಟು ದೊಡ್ಡದು? ತುಂಬು ತಿಂಗಳ ಮಗುವಿನ ತಲೆಯ ಸುತ್ತಳತೆ ಸುಮಾರು 34 ಸೆಂಟಿಮೀಟರ್. ಮುಂಚೆ ಹುಟ್ಟಿದ್ದಕ್ಕೆ 28, 30. ಒಂದು ಸೆಂಟಿಮೀಟರಿಗೆ ಎರಡು ಕುಣಿಕೆ ಬೀಳುವ ದಾರವಾದರೆ 60 ಕುಣಿಕೆ ಸಾಕು. ಅಜ್ಜಿ ಇದನ್ನು ಕೇಳಿ ತಮ್ಮ ಮುಷ್ಟಿಯನ್ನು ನೋಡಿಕೊಂಡರು. ಒಂದು ಮಧ್ಯಾಹ್ನಕ್ಕೆ ಒಂದು ಟೋಪಿ ಆಗಿಬಿಡುತ್ತದೆ.

ಈಗ ಹೇಳುವುದನ್ನು ಆ ಹೆಣ್ಣುಮಗಳ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇವೆ. ಹನೂರಿನ ಕಡೆಯ ಒಂದು ಹಳ್ಳಿ. ಮದುವೆಯಾಗಿ ಎರಡು ವರ್ಷ. ಏಳನೆಯ ತಿಂಗಳಿಗೇ ಹೆರಿಗೆಯಾಯಿತು. ಮಗು ಒಂಬತ್ತು ದಿನ ಇತ್ತು. ನಾವು ಹೋಗಿ ಜ್ಞಾನಸ್ನಾನ ಕೊಟ್ಟೆವು, ನಾಲ್ಕು ದಿನ ಕಳೆದು ನಾವೇ ಹೋಗಿ ಮಣ್ಣು ಕೊಟ್ಟೆವು.

ತರಗತಿ ಅವಳ ಬೀದಿಯಲ್ಲೇ ನಡೆಯುತ್ತಿತ್ತು. ಎಲ್ಲರನ್ನೂ ಕರೆದೆವು, ಅವಳನ್ನು ಕರೆಯಲಿಲ್ಲ. ಎಳೆಮಕ್ಕಳ ಟೋಪಿ ಹೆಣೆಯುವ ಕಡೆಗೆ ಅವಳನ್ನು ಹೇಗೆ ಕರೆಯುವುದು? ಅವಳು ಹಾದುಹೋಗುವಾಗ ಹೆಂಗಸರು ದಾರವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಹಾಗೆ ಮಾಡಿ ಎಂದು ಹೇಳಿದವರು ನಾವೇ. ಕರುಣೆಯೆಂದೇ ತಿಳಿದಿದ್ದೆವು. ಪ್ರಿಯರೇ, ದುಃಖದಲ್ಲಿರುವವರ ಪರವಾಗಿ ನಾವೇ ಕುಳಿತು ತೀರ್ಮಾನ ಮಾಡಿ, ಅವರನ್ನು ಕೇಳದೆ ಬಾಗಿಲು ಹಾಕಿಬಿಡುವುದು ನಮ್ಮಲ್ಲಿ ಎಷ್ಟು ಸಲ ನಡೆಯುತ್ತದೆ! ವಿಧವೆಯನ್ನು ಮದುವೆಗೆ ಕರೆಯುವುದಿಲ್ಲ, ಮಕ್ಕಳಿಲ್ಲದವರನ್ನು ತೊಟ್ಟಿಲ ಶಾಸ್ತ್ರಕ್ಕೆ ಕರೆಯುವುದಿಲ್ಲ. ಜ್ಞಾನಸ್ನಾನ ಪಡೆದ ಮನೆಗಳಲ್ಲೂ ಈ ಪದ್ಧತಿ ಹೋಗಿಲ್ಲ. ನಾವು ಮಾಡಿದ್ದು ಅದನ್ನೇ, ಹೆಸರು ಮಾತ್ರ ಬೇರೆ ಇಟ್ಟಿದ್ದೆವು.

ಒಂದು ಬುಧವಾರ ಅವಳೇ ಬಂದು ಚಾಪೆಯ ತುದಿಯಲ್ಲಿ ಕುಳಿತಳು. ಮಾತು ನಿಂತಿತು. ಅವಳು ಹೇಳಿದ್ದು ಇಷ್ಟು: "ನನ್ ಮಗೀಗ ಟೋಪಿ ಇರ್ನಿಲ್ಲ. ಟವಲ್ ಸುತ್ತಿದ್ದೊ. ನನಗೂ ಕಲ್ಸಿ." ಅಜ್ಜಿ ಒಂದು ಮಾತೂ ಆಡದೆ ಎದ್ದು ಹೋಗಿ ಅವಳ ಹಿಂದೆ ನಿಂತು ಅವಳ ಕೈ ಹಿಡಿದರು.

ಮೊದಲ ಟೋಪಿ ಮುಗಿಯುತ್ತ ಬಂದಾಗ ಅವಳು ಪೂರ್ತಿ ಬಿಚ್ಚಿಬಿಟ್ಟಳು. ತಪ್ಪೇನೂ ಇರಲಿಲ್ಲ. ಮುಂದಿನ ವಾರ ಮತ್ತೆ ಹೆಣೆದಳು, ಮತ್ತೆ ಬಿಚ್ಚಿದಳು. ಮೂರನೆಯ ಸಲವೂ ಹಾಗೆಯೇ. ಅದೇ ದಾರ, ಅದೇ ಅರವತ್ತು ಕುಣಿಕೆ. ನಮಗೆ ಸಂಕಟವಾಗಿ, ಯಾರಾದರೂ ಅವಳಿಗೆ ಸಮಾಧಾನ ಹೇಳಬಾರದೇ ಎಂದೆವು. ಅಜ್ಜಿ, "ಬುಡಿ ಸ್ವಾಮ್ಯೋರೇ, ಬಿಚ್ಚಲಿ. ದಾರ ಎಲ್ಲಿಗ್ ಹೋದದು" ಎಂದರು. ನಾಲ್ಕನೆಯದನ್ನು ಅವಳು ಬಿಚ್ಚಲಿಲ್ಲ. ತೊಳೆದು ಒಣಗಿಸಿ ಉಳಿದವುಗಳ ಜೊತೆಗೆ ಇಟ್ಟಳು. ಬಿಚ್ಚಿ ಬಿಚ್ಚಿ ಆ ದಾರ ಸ್ವಲ್ಪ ಜೂಲು ಎದ್ದಿತ್ತು. ಈಗ ಹೊಸದಾಗಿ ಬರುವ ಹುಡುಗಿಯರಿಗೆ ಎಣಿಕೆ ಹೇಳಿಕೊಡುವವಳು ಅವಳೇ.

ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಒಂದು ಹಳೆಯ ಚಿತ್ರವಿದೆ. ಬರ್ಟ್ರಾಮ್ ಎಂಬ ಕಲಾವಿದ ಸುಮಾರು 1400ರಲ್ಲಿ ಬುಕ್ಸ್‌ಟೆಹುಡೆ ಎಂಬ ಊರಿನ ಕನ್ಯಾಸ್ತ್ರೀಯರ ಮಠದ ಪೀಠಕ್ಕಾಗಿ ಮಾಡಿದ್ದು. ಅದರಲ್ಲಿ ಮರಿಯಮ್ಮನವರು ಹೆಣೆಯುತ್ತಿದ್ದಾರೆ. ಹೌದು, ಹಲವು ಕಡ್ಡಿಗಳಲ್ಲಿ ಸುತ್ತಲೂ ಹೆಣೆಯುವ ಹೆಣಿಗೆಯೇ. ಪುಟ್ಟ ಅಂಗಿಯ ಕುತ್ತಿಗೆಯೊಂದು ಬಾಕಿ. ಬಾಲಯೇಸು ಹತ್ತಿರದಲ್ಲಿ ಪುಸ್ತಕ ಇಟ್ಟುಕೊಂಡು ಮಲಗಿದ್ದಾನೆ. ಪಕ್ಕದಿಂದ ಇಬ್ಬರು ದೂತರು ಬರುತ್ತಿದ್ದಾರೆ, ಅವರ ಕೈಯಲ್ಲಿ ಶಿಲುಬೆ, ಮೊಳೆಗಳು, ಭರ್ಜಿ, ಮುಳ್ಳಿನ ಕಿರೀಟ. ಮಗು ಆ ಕಡೆ ತಿರುಗಿ ನೋಡುತ್ತಿದೆ. ತಾಯಿ ಹೆಣಿಗೆ ನಿಲ್ಲಿಸಿಲ್ಲ. ಸಂತ ಯೊವಾನ್ನರ ಶುಭಸಂದೇಶದಲ್ಲಿ ಸೈನಿಕರು ಹರಿಯಲು ಮನಸ್ಸಾಗದೆ ಚೀಟಿ ಹಾಕಿಕೊಂಡ, ಹೊಲಿಗೆಯೇ ಇಲ್ಲದ ಅಂಗಿ ಇದೇ ಎಂದು ಚಿತ್ರಕಾರನ ಭಾವನೆ. ಶುಭಸಂದೇಶದ ಪ್ರಕಾರ ಅದು ನೇಯ್ದ ಅಂಗಿ. ಆದರೆ ಹೊಲಿಗೆಯಿಲ್ಲದ ಅಂಗಿಯನ್ನು ತನ್ನ ಊರಿನ ತಾಯಂದಿರು ಕಡ್ಡಿಯಲ್ಲಿ ಮಾಡುವುದನ್ನು ಅವನು ಕಂಡಿದ್ದಿರಬೇಕು. ಈ ಚಿತ್ರವನ್ನು ಅಚ್ಚು ಮಾಡಿಸಿ ತರಗತಿಯಲ್ಲಿ ತೋರಿಸಿದೆವು. ಆ ಹೆಣ್ಣುಮಗಳು ಬಹಳ ಹೊತ್ತು ನೋಡಿದಳು. ನಾವು ಏನೂ ವಿವರಿಸಲಿಲ್ಲ, ಆ ಹೊತ್ತಿಗೆ ಅಷ್ಟು ಬುದ್ಧಿ ಬಂದಿತ್ತು.

ಕಳೆದ ತಪಸ್ಸುಕಾಲದಲ್ಲಿ ಅಜ್ಜಿ ತೀರಿಕೊಂಡರು. ಎರಡು ದಿನದ ಜ್ವರ, ಅಷ್ಟೇ. ಸಾವಿನ ಮನೆಗೆ ಮೂರು ಊರುಗಳಿಂದಲೂ ಹೆಂಗಸರು ಬಂದರು. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಪ್ರತಿಯೊಬ್ಬರ ಚೀಲದಲ್ಲೂ ತಾವು ಹೆಣೆದದ್ದು ಏನಾದರೊಂದು ಇತ್ತು. ಇದು ಅಮ್ಮ ಕಲಿಸಿದ್ದು, ಈ ಅಂಚು ಅವರೇ ಹಾಕಿಕೊಟ್ಟದ್ದು ಎಂದು ಒಬ್ಬರಿಗೊಬ್ಬರು ತೋರಿಸುತ್ತ ಅತ್ತರು. ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಯೊಪ್ಪ ಪಟ್ಟಣದ ತಬಿಥಾ ಸತ್ತಾಗ, ವಿಧವೆಯರು ಸಂತ ಪೇತ್ರರನ್ನು ಸುತ್ತುವರಿದು, ಅವಳು ತಮಗಾಗಿ ಮಾಡಿಕೊಟ್ಟ ಅಂಗಿಗಳನ್ನು ತೋರಿಸಿ ಅಳುತ್ತಾರಲ್ಲ, ಅದನ್ನು ನಾವು ಎಷ್ಟೋ ಸಲ ಓದಿದ್ದೆವು. ಕಣ್ಣಾರೆ ಕಂಡದ್ದು ಆ ದಿನ.

ಅವರ ಮಂಚದ ಕೆಳಗೆ ಒಂದು ಬುಟ್ಟಿ. ಅದರಲ್ಲಿ ಮೊಮ್ಮಗನಿಗೆಂದು ಆರಂಭಿಸಿದ ನೀಲಿ ಸ್ವೆಟರ್. ಹಿಂಭಾಗ, ಮುಂಭಾಗ, ಒಂದು ತೋಳು ಆಗಿತ್ತು. ಇನ್ನೊಂದು ತೋಳು ಅರ್ಧದಲ್ಲಿ ಕಡ್ಡಿಯ ಮೇಲೇ ನಿಂತಿತ್ತು. ಕಡ್ಡಿ ಜಾರಿದರೆ ಕುಣಿಕೆಗಳೆಲ್ಲ ಉದುರುತ್ತವೆ. ಪೆಟ್ಟಿಗೆಯಲ್ಲೇ ಜೊತೆಗಿಡೋಣ ಎಂದು ಒಬ್ಬರು, ಹಾಗೇ ನೆನಪಿಗೆ ಇಟ್ಟುಕೊಳ್ಳುತ್ತೇವೆ ಎಂದು ಬೆಂಗಳೂರಿನಿಂದ ಬಂದ ಸೊಸೆ. ಈ ಹೆಣ್ಣುಮಗಳು ಸೊಸೆಯ ಹತ್ತಿರ ಹೋಗಿ, "ಅಕ್ಕ, ನಾನು ಮುಗಿಸ್ಕೊಡ್ಲಾ?" ಎಂದು ಕೇಳಿದಳು.

ಮುಗಿಸುತ್ತಿದ್ದಾಳೆ. ಅಜ್ಜಿಯ ಕೈ ಬಿಗಿ, ಇವಳದು ಸ್ವಲ್ಪ ಸಡಿಲ. ಕೈ ಬದಲಾದ ಸಾಲು ಯಾವುದೆಂದು ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಅವಳಿಗೆ ಅದು ಸಮಾಧಾನವಿಲ್ಲ, ಬಿಚ್ಚಿ ಬಿಗಿಯಾಗಿ ಹೆಣೆಯಲೇ ಎಂದು ಕಳೆದ ಬುಧವಾರ ಎಲ್ಲರನ್ನೂ ಕೇಳಿದಳು. ಬೇಡ ಎಂದು ಸೊಸೆಯೇ ಫೋನಿನಲ್ಲಿ ಹೇಳಿದರು.

ಇಂದು ಬಲಿಪೂಜೆಯ ನಂತರ ಅಜ್ಜ ಅಜ್ಜಿಯರಿಗೆ ಉಪಾಹಾರವಿದೆ. ಆಮೇಲೆ ಸಭಾಂಗಣದಲ್ಲಿ ಚಾಪೆ ಹಾಸಿರುತ್ತಾರೆ. ಕಡ್ಡಿಗಳಿವೆ, ದಾರ ಸಾಲದು. ತರುವವರು ಮೆತ್ತನೆಯ ದಾರವನ್ನೇ ತನ್ನಿ, ಜೂಲು ಉದುರುವಂಥದ್ದು ಬೇಡ. ಎಳೆಮಕ್ಕಳ ಟೋಪಿಗೆ ಗೊಂಡೆ, ಗುಂಡಿ, ರಿಬ್ಬನ್ ಯಾವುದನ್ನೂ ಹಾಕುವಂತಿಲ್ಲ. ನೆನಪಿರಲಿ, ಅರವತ್ತು ಕುಣಿಕೆ.